ಗ್ಯಾರೇಜಲ್ಲಿ ಮಾಡೋ ಬಿಯರ್ ಪದೇಪದೇ ಕೆಡ್ತಿತ್ತು, ಕೊನೆಗೂ ಸರಿಹೋಯ್ತು

ಮೊದಲ ಮೂರು ಬ್ಯಾಚೂ ನೇಲ್ ಪಾಲಿಶ್ ವಾಸನೆ, ನಾನು ಪಾತ್ರೆ ತೊಳಿಯೋದ್ರಲ್ಲೇ ತಪ್ಪಿದೆ ಅನ್ಕೊಂಡು ಸ್ಯಾನಿಟೈಸರ್ ಸುರಿದಿದ್ದೇ ಸುರಿದಿದ್ದು. ಆಮೇಲೆ ಫರ್ಮೆಂಟರ್‌ಗೆ (ಬಿಯರ್ ಹುದುಗೋಕೆ ಇಡೋ ಪಾತ್ರೆ) ಥರ್ಮಾಮೀಟರ್ ಅಂಟಿಸಿ ನೋಡಿದ್ರೆ ಮಧ್ಯಾಹ್ನ 29 ಡಿಗ್ರಿ! ಗ್ಯಾರೇಜ್ ಶಟರ್ ಬಿಸಿಲಿಗೆ ಕಾಯೋದು ಒಂದು ಕಡೆ, ಯೀಸ್ಟ್ ಕೆಲಸ ಮಾಡುವಾಗ ತಾನೂ ಬಿಸಿ ಹುಟ್ಟಿಸುತ್ತೆ, ಅದು ನನ್ ತಲೇಗೇ ಹೊಳೆದಿರ್ಲಿಲ್ಲ. ನಾನು ಹಾಕೋ ಏಲ್ (ಒಂದು ಬಗೆ ಬಿಯರ್) ಯೀಸ್ಟ್‌ಗೆ 18ರಿಂದ 20 ಸಾಕು, ತೀರಾ ಬಿಸಿಯಾದ್ರೆ ಆ ನೇಲ್ ಪಾಲಿಶ್ ವಾಸನೆ ಬರುತ್ತೆ. ಮೂಲೇಲಿದ್ದ ಹಳೇ ಫ್ರಿಜ್‌ನ ಶೆಲ್ಫ್ ಎಲ್ಲಾ ಕಿತ್ತು ಫರ್ಮೆಂಟರ್ ಒಳಗಿಟ್ಟೆ, ಪ್ಲಗ್‌ಗೆ ಟೆಂಪರೇಚರ್ ಕಂಟ್ರೋಲರ್ ಹಾಕಿ 19ಕ್ಕೆ ಸೆಟ್ ಮಾಡ್ದೆ. ಸೆನ್ಸರ್‌ನ ಸುಮ್ನೆ ಒಳಗಡೆ ನೇತುಹಾಕಿದ್ದೆ, ಕಂಪ್ರೆಸರ್ ಐದೈದು ನಿಮಿಷಕ್ಕೆ ಆನ್ ಆಫ್, ಆನ್ ಆಫ್. ಅದನ್ನ ಫರ್ಮೆಂಟರ್ ಮೈಗೇ ಟೇಪ್ ಹಾಕಿ ಮೇಲೆ ಸ್ಪಾಂಜ್ ಮುಚ್ಚಿದ್ಮೇಲೆ ತೆಪ್ಪಗಾಯ್ತು. ನಾಲ್ಕನೇ ಬ್ಯಾಚಲ್ಲಿ ಆ ವಾಸನೆ ಇಲ್ವೇ ಇಲ್ಲ. ಬಿಯರ್‌ಗೆ ಕುದಿಸೋ ಗ್ಯಾಸ್ ಸ್ಟವ್ ಮಾತ್ರ ಬಾಗಿಲ ಹತ್ರಾನೇ, ಶಟರ್ ಪೂರ್ತಿ ಎತ್ತಿಯೇ ಹಚ್ಚೋದು.