ಮೇ 4ರ ಸಂಜೆ, ಮೇ 5ರ ಹಬ್ಬ: ನೆದರ್‌ಲ್ಯಾಂಡ್ಸ್‌ಗೆ ಬಂದ ಕನ್ನಡಿಗರಿಗೆ

ಇಲ್ಲಿಗೆ ಹೊಸದಾಗಿ ಬಂದವರೆಲ್ಲ ಏಪ್ರಿಲ್ 27ಕ್ಕೆ, ರಾಜನ ಹುಟ್ಟುಹಬ್ಬ ಅಂತ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡು ಹೊರಡುತ್ತಾರೆ. ಒಂದು ವಾರ ಕಳೆದು ಬರುವ ಮೇ 4 ಮತ್ತು 5ರ ಬಗ್ಗೆ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. 1940ರ ಮೇ ತಿಂಗಳಿಂದ 1945ರ ಮೇವರೆಗೆ ಈ ದೇಶ ನಾಜಿಗಳ ಕೈಯಲ್ಲಿತ್ತು. 4ರಂದು ಸತ್ತವರನ್ನು ನೆನೆಯುತ್ತಾರೆ, 5ರಂದು ಬಿಡುಗಡೆಯ ಹಬ್ಬ ಮಾಡುತ್ತಾರೆ. 4ನ್ನು ಬಿಟ್ಟು ನೇರವಾಗಿ 5ಕ್ಕೆ ಹೋಗಬೇಡಿ ಅನ್ನುವುದೇ ನನ್ನ ಮಾತು.

ಮ್ಯೂಸಿಯಂ ಆಮೇಲೆ ನೋಡಿದರಾಯಿತು. ಮೊದಲು ನಿಮ್ಮ ಬೀದಿಯಿಂದ ಶುರು ಮಾಡಿ. ಫುಟ್‌ಪಾತ್‌ನಲ್ಲಿ ಅಲ್ಲಲ್ಲಿ ಅಂಗೈಯಗಲದ ಹಿತ್ತಾಳೆಯ ಕಲ್ಲುಗಳು ಕಾಣುತ್ತವೆ. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ ಶುರು ಮಾಡಿದ ಕೆಲಸ ಅದು. ಆ ಮನೆಯಿಂದ ಯಾರನ್ನು ಎಳೆದೊಯ್ದರು, ಅವರು ಹುಟ್ಟಿದ್ದು ಯಾವಾಗ, ಎಲ್ಲಿ ಕೊಂದರು ಎಂದು ಅದರ ಮೇಲೆ ಕೆತ್ತಿರುತ್ತದೆ. ಬಗ್ಗಿ ಓದಿ. ಹೆಸರನ್ನು ಬಾಯಿಬಿಟ್ಟು ಹೇಳಿ. ಮಕ್ಕಳಿದ್ದರೆ ವಯಸ್ಸನ್ನು ಅವರೇ ಲೆಕ್ಕ ಹಾಕಲಿ. ನನ್ನ ಮಗಳು ಹಾಗೆ ಲೆಕ್ಕ ಹಾಕಿ, "ಅಮ್ಮಾ, ಇವಳು ನನಗಿಂತ ಚಿಕ್ಕವಳು" ಅಂದಳು. ಅದಾದ ಮೇಲೆ ಆಮ್‌ಸ್ಟರ್‌ಡ್ಯಾಮಿನ ವೇಸ್ಪರ್‌ಸ್ಟ್ರಾಟ್‌ಗೆ ಹೋಗಿ. ನಾಜಿಗಳು ಕೊಂದ ಯಹೂದಿಗಳು, ರೋಮಾ ಮತ್ತು ಸಿಂಟಿ ಜನರ ನೆನಪಿಗೆ 2021ರಲ್ಲಿ ತೆರೆದ ಹೆಸರುಗಳ ಸ್ಮಾರಕ ಅಲ್ಲಿದೆ. 1,02,000ಕ್ಕೂ ಹೆಚ್ಚು ಇಟ್ಟಿಗೆಗಳಿವೆ, ಒಂದೊಂದರಲ್ಲೂ ಒಬ್ಬೊಬ್ಬರ ಹೆಸರು. ಬೀದಿಯಲ್ಲಿ ಓದಿದ ಹೆಸರನ್ನು ಅಲ್ಲಿ ಹುಡುಕಿ.

4ರ ಸಂಜೆ ಊಟ ಬೇಗ ಮುಗಿಸಿ. ಆಮ್‌ಸ್ಟರ್‌ಡ್ಯಾಮಿನ ಡಾಮ್ ಚೌಕಕ್ಕೆ ರಾಜ ರಾಣಿ ಬಂದು ಹೂವಿನ ಚಕ್ರ ಇಡುತ್ತಾರೆ, ಜನವೂ ಜಾಸ್ತಿ. ನನ್ನ ಕೇಳಿದರೆ ನಿಮ್ಮ ಊರಿನ ಸ್ಮಾರಕವೇ ಒಳ್ಳೆಯದು. ನಾವಿರುವುದು ಹೇಗ್‌ನಲ್ಲಿ, ಹಾಗಾಗಿ ವಾಲ್ಸ್‌ಡಾರ್ಪರ್‌ವ್ಲಾಕ್ಟೆಗೆ ಹೋಗುತ್ತೇವೆ. ಸಮುದ್ರದ ಕಡೆಯ ಆ ಮರಳು ದಿಬ್ಬಗಳ ನಡುವೆ 250ಕ್ಕೂ ಹೆಚ್ಚು ಜನರನ್ನು ಜರ್ಮನ್ನರು ಗುಂಡಿಟ್ಟು ಕೊಂದರು. ದೊಡ್ಡ ಗಂಟೆ ಬಾರಿಸುತ್ತಿರುತ್ತದೆ, ಜನ ಸಾಲಾಗಿ ಮಾತಿಲ್ಲದೆ ನಡೆಯುತ್ತಾರೆ. ಹೂವು ಒಯ್ಯಬಹುದು. ಫೋನ್ ಆಫ್ ಮಾಡಿ, ಫೋಟೊ ಬೇಡ.

ಸರಿಯಾಗಿ 8 ಗಂಟೆಗೆ ಎರಡು ನಿಮಿಷ ಇಡೀ ದೇಶ ಸುಮ್ಮನಾಗುತ್ತದೆ. ಟ್ರಾಮ್‌ಗಳೂ ನಿಲ್ಲುತ್ತವೆ. ಸೈಕಲ್ ಮೇಲಿದ್ದರೆ ಇಳಿದು ನಿಲ್ಲಿ. ಮನೆಯಲ್ಲಿದ್ದರೆ ಒಲೆ ಆರಿಸಿ ನಿಲ್ಲಿ. ಆಗ ಎಲ್ಲರನ್ನೂ ಒಟ್ಟಿಗೆ ನೆನೆಯಲು ಹೋದರೆ ಮನಸ್ಸು ಎಲ್ಲೋ ಜಾರುತ್ತದೆ. ಬೀದಿಯ ಕಲ್ಲಿನ ಮೇಲೆ ಓದಿದ ಒಂದೇ ಹೆಸರನ್ನು ಹಿಡಿದುಕೊಳ್ಳಿ.

ಮರುದಿನ ಎಷ್ಟೋ ಕಡೆ ಅಕ್ಕಪಕ್ಕದವರು ಸೇರಿ ಸ್ವಾತಂತ್ರ್ಯದ ಊಟ ಮಾಡುತ್ತಾರೆ. ಕರೆದರೆ ಖಂಡಿತ ಹೋಗಿ. ಹಿರಿಯರ ಪಕ್ಕ ಕೂತರೆ "ಯುದ್ಧ ಹೇಗಿತ್ತು?" ಅಂತ ಕೇಳಬೇಡಿ, ಅದಕ್ಕೆ ಯಾರು ತಾನೇ ಉತ್ತರ ಕೊಟ್ಟಾರು? "ಆ ಚಳಿಗಾಲದಲ್ಲಿ ಮನೆಯಲ್ಲಿ ಏನು ತಿನ್ನುತ್ತಿದ್ದಿರಿ?" ಎಂದು ಕೇಳಿ. 1944ರ ಸೆಪ್ಟೆಂಬರಿನಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದ್ದಕ್ಕೆ ಜರ್ಮನ್ನರು ಪಶ್ಚಿಮದ ಊರುಗಳಿಗೆ ಆಹಾರ ಹೋಗದಂತೆ ತಡೆದರು. ಚಳಿ ಬೇರೆ ಭಯಂಕರವಾಗಿತ್ತು. ಸುಮಾರು 20,000 ಜನ ಸತ್ತರು. ಟುಲಿಪ್ ಗೆಡ್ಡೆ ಬೇಯಿಸಿ ತಿಂದಿದ್ದನ್ನು ನಮ್ಮ ಪಕ್ಕದ ಮನೆಯ ಅಜ್ಜಿ ನನಗೆ ಹೇಳಿದ್ದು ಹೀಗೆ ಕೇಳಿದಾಗಲೇ.

ಕೃತಜ್ಞತೆ ತೋರಿಸಲು ಇನ್ನೊಂದು ದಾರಿ ಇದೆ. ಕಾನೂನುಬದ್ಧವಾಗಿ ಐದು ವರ್ಷ ಇಲ್ಲಿದ್ದರೆ ವಿದೇಶಿಯರಿಗೂ ನಗರಸಭೆ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಗುತ್ತದೆ. ತಪ್ಪದೆ ಹಾಕಿ.

ಆಗಸ್ಟ್ 15ನ್ನೂ ಮರೆಯಬೇಡಿ. ನಮಗೆ ಅದು 1947ರ ದಿನ. ಡಚ್ಚರಿಗೆ ಅದು, ಅವರ ವಸಾಹತಾಗಿದ್ದ ಇಂಡೊನೇಷ್ಯಾವನ್ನು ಹಿಡಿದಿದ್ದ ಜಪಾನ್ 1945ರಲ್ಲಿ ಶರಣಾದ ದಿನ, ಹೇಗ್‌ನ ಇಂಡಿಷ್ ಸ್ಮಾರಕದಲ್ಲಿ ಪ್ರತಿ ವರ್ಷ ಸೇರುತ್ತಾರೆ. ಅದಾಗಿ ಎರಡೇ ದಿನಕ್ಕೆ ಇಂಡೊನೇಷ್ಯಾ ತಾನು ಸ್ವತಂತ್ರ ಎಂದು ಸಾರಿತು. ಆದರೆ ಆಗಷ್ಟೇ ಬಿಡುಗಡೆ ಕಂಡಿದ್ದ ಇದೇ ದೇಶ ಅಲ್ಲಿಗೆ ಸೈನ್ಯ ಕಳಿಸಿತು, 1949ರವರೆಗೂ ಅವರ ಸ್ವಾತಂತ್ರ್ಯ ಒಪ್ಪಲಿಲ್ಲ. ಆಗ ನಡೆದ ಹಿಂಸೆಗೆ ರಾಜ 2020ರಲ್ಲಿ ಕ್ಷಮೆ ಕೇಳಿದರು. ಬ್ರಿಟಿಷರ ಆಳ್ವಿಕೆ ಕಂಡ ನಾಡಿನಿಂದ ಬಂದ ನಾವು ಇದನ್ನು ಬಿಟ್ಟು ಬರೀ ಧನ್ಯವಾದ ಹೇಳಲಾಗುವುದಿಲ್ಲ, ಅಲ್ವಾ? ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ 15, 17 ಎರಡಕ್ಕೂ ಗುರುತು ಹಾಕಿದ್ದೇವೆ.