ಹಳೇ ಎಂಜಿಬಿಯ ತಗಡು ಉಳಿಸಿಕೊಂಡಿದ್ದು ಹೀಗೆ

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಗ್ಯಾರೇಜಿನಲ್ಲಿ 1967ರ ಎಂಜಿಬಿ ರೋಡ್‌ಸ್ಟರ್ ಇದೆ, ಅಂದರೆ ಮೇಲ್ಛಾವಣಿ ತೆರೆಯುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು. 1962ರಿಂದ 1980ರವರೆಗೆ ಇಲ್ಲಿನ ಆಬಿಂಗ್ಡನ್ ಊರಿನಲ್ಲಿ ತಯಾರಾದ ಮಾಡೆಲ್ ಇದು. ಇದಕ್ಕೆ ಹೊಸ ಪ್ಯಾನೆಲ್‌ಗಳು, ಅಂದರೆ ಮೈಯ ತಗಡುಗಳು, ಇವತ್ತಿಗೂ ಸಿಗುತ್ತವೆ. ಆದರೂ ನಾನು ಹಳೆಯದನ್ನೇ ಉಳಿಸಿಕೊಂಡೆ. ಹೊಸ ಫೆಂಡರ್ (ಚಕ್ರದ ಮೇಲಿನ ಹೊರ ತಗಡು) ತಂದರೆ ಬಾಗಿಲ ಅಂಚಿಗೂ ಬಾನೆಟ್ ಅಂಚಿಗೂ ಅದನ್ನು ಮೊದಲಿನಿಂದ ಹೊಂದಿಸಬೇಕು. ಹಳೆಯದು ಈ ಕಾರಿಗೇ ಹೊಂದಿಕೊಂಡು ಕೂತಿದೆ. ಮುಕ್ಕಾಲು ಪಾಲು ಚೆನ್ನಾಗಿರುವ ತಗಡನ್ನು ಸುಮ್ನೆ ಯಾಕೆ ಎಸೆಯಬೇಕು?

ಎಂಜಿಬಿಯಲ್ಲಿ ಮುಂದಿನ ಫೆಂಡರ್‌ಗಳನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ಹಿಂದಿನವು ವೆಲ್ಡ್. ಮುಂದಿನದು ಕೊಳೆಯುವುದು ಸಾಮಾನ್ಯವಾಗಿ ಚಕ್ರದ ಹಿಂದೆ, ಕೆಳಗಡೆ. ಅಲ್ಲಿ ಒಳಗೊಂದು ಅಡ್ಡ ತಗಡು, ಅದರ ಅಂಚಿಗೆ ರಬ್ಬರ್ ಇರುತ್ತದೆ. ರಬ್ಬರ್ ಸವೆದರೆ ಚಕ್ರ ಎರಚಿದ ಕೆಸರು ಹಿಂದೆ ಹೋಗಿ ಕೂರುತ್ತದೆ. ಹಸಿ ಮಣ್ಣು, ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಹಾಕುವ ಉಪ್ಪು, ಎರಡೂ ಸೇರಿದರೆ ಇನ್ನೇನು ಉಳಿಯುತ್ತದೆ? ಬಣ್ಣ ಕೆರೆದಾಗ ಕೆಳಗಿನ ತಗಡು ಹಪ್ಪಳದ ಹಾಗೆ ಪುಡಿಯಾಯಿತು. ಮೇಲಿನ ಭಾಗ ಗಟ್ಟಿಯಾಗಿತ್ತು.

ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿದೆ. ಅದೇ ದಪ್ಪದ ಹೊಸ ತಗಡಿನ ತುಂಡನ್ನು ಆ ಆಕಾರಕ್ಕೆ ಬಗ್ಗಿಸಿ, ಅಂಚಿಗೆ ಅಂಚು ತಾಗಿಸಿ ವೆಲ್ಡ್ ಮಾಡಿದೆ. ಒಂದರ ಮೇಲೊಂದು ಹೊದಿಸಿದರೆ ನಡುವೆ ನೀರು ನಿಂತು ಮತ್ತೆ ತುಕ್ಕೇ. ಉದ್ದಕ್ಕೆ ಒಂದೇ ಸಲ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಇಲ್ಲೊಂದು ಚುಕ್ಕೆ, ಒಂದು ಗೇಣು ಆಚೆ ಇನ್ನೊಂದು, ಆರಲು ಬಿಟ್ಟು ಮತ್ತೆ ನಡುವೆ. ಇಲ್ಲಿ ಅವಸರ ಮಾಡಿದವರು ಆಮೇಲೆ ಪುಟ್ಟಿ ಜಾಸ್ತಿ ಮೆತ್ತಬೇಕಾಗುತ್ತದೆ.

ಬಾನೆಟ್ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಆ ಕಾಲದ ಎಂಜಿಬಿ ಬಾನೆಟ್ ಅಲ್ಯೂಮಿನಿಯಂ, ಒಂದೇ ಕೈಯಲ್ಲಿ ಎತ್ತಬಹುದು. ಇದನ್ನು ಮರಳು ಹೊಡೆಸಿ ಸ್ವಚ್ಛ ಮಾಡಿಸಲೇಬಾರದು, ಮೈಯೆಲ್ಲ ಅಲೆಯಾಗುತ್ತದೆ. ಬಣ್ಣ ಕರಗಿಸುವ ದ್ರಾವಣ ಹಚ್ಚಿ, ಪ್ಲಾಸ್ಟಿಕ್ ಉಜ್ಜುಗದಿಂದ ಕೆರೆದೆ. ಕಬ್ಬಿಣಕ್ಕೆ ಬಳಸಿದ ಎಮರಿ ಪೇಪರ್ ಇದಕ್ಕೆ ಮುಟ್ಟಿಸಲಿಲ್ಲ. ಕಬ್ಬಿಣದ ಕಣ ಅಂಟಿದರೆ ಅಲ್ಲೇ ಬಿಳಿ ಪುಡಿ ಏಳುತ್ತದೆ.

ಮುಂದಿನ ಅಂಚಿನಲ್ಲಿ ಒಂದು ತಗ್ಗು ಇತ್ತು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗುವುದಿಲ್ಲ, ನೋಡುತ್ತಿದ್ದಂತೆ ಕರಗಿಬಿಡುತ್ತದೆ. ಅದಕ್ಕೆ ಬಟ್ಟೆ ಸೋಪಿನಿಂದ ಮೇಲೆ ಗೀಟು ಎಳೆದು ಹಿಂದಿನಿಂದ ಬೆಂಕಿ ಹಿಡಿದೆ. ಗೀಟು ಕಂದಾಗಿ ಕಪ್ಪಿಗೆ ತಿರುಗಿದ ಕ್ಷಣ ಬೆಂಕಿ ತೆಗೆಯಬೇಕು. ಆಗ ಲೋಹ ಮೆತ್ತಗಾಗಿರುತ್ತದೆ. ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಒತ್ತಿ ಹಿಡಿದು, ಮುಂದಿನಿಂದ ತಗ್ಗಿನ ಸುತ್ತ ಸುತ್ತಿಗೆಯಲ್ಲಿ ಸಣ್ಣ ಸಣ್ಣ ಏಟು ಕೊಡುತ್ತಾ ಹೋದಂತೆ ತಗ್ಗು ಮೇಲೆ ಬಂತು. ಕಣ್ಣಿಗಿಂತ ಬೆರಳು ನಂಬಿ. ತೆಳು ಹತ್ತಿ ಗ್ಲೌಸ್ ಹಾಕಿಕೊಂಡು ಸವರಿದರೆ ಕಾಣದ ಉಬ್ಬೂ ಗೊತ್ತಾಗುತ್ತದೆ.

ಆಮೇಲೆ ಎಪಾಕ್ಸಿ ಪ್ರೈಮರ್, ತೆಳುವಾಗಿ ಪುಟ್ಟಿ, ದಪ್ಪ ಪ್ರೈಮರ್. ಅದರ ಮೇಲೆ ಕಪ್ಪು ಬಣ್ಣ ಮಂಜಿನಷ್ಟೇ ಹೊಡೆದು, ಉದ್ದನೆ ಬ್ಲಾಕಿಗೆ ಪೇಪರ್ ಸುತ್ತಿ ಉಜ್ಜಿದೆ. ಕಪ್ಪು ಉಳಿದ ಕಡೆ ತಗ್ಗಿದೆ ಅಂತ ಲೆಕ್ಕ. ಪೇಪರಿನ ನಂಬರ್ 180ರಿಂದ 320, ಕೊನೆಗೆ 600; ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಬಾಗಿಲ ಒಳಹೊದಿಕೆ ಬಿಚ್ಚಿದಾಗ ಒಳಗೆ ಬಿಸಿಲು ಕಾಣದ ಹಳೆ ಟಾರ್ಟನ್ ರೆಡ್ ಎಂಬ ಕೆಂಪು ಬಣ್ಣ ಸಿಕ್ಕಿತ್ತು. ಬಣ್ಣ ಕಲೆಸಿದ್ದು ಅದನ್ನೇ ನೋಡಿ.

ಬಣ್ಣ ಹೊಡೆಯುವ ಕೆಲಸ ಮಾತ್ರ ಪೇಂಟ್ ಬೂತಿನವರಿಗೆ ಕೊಟ್ಟೆ. ಈಗಿನ ಟೂ-ಪ್ಯಾಕ್ ಬಣ್ಣಕ್ಕೆ ಗಟ್ಟಿಯಾಗಲೆಂದು ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಉಸಿರಿನಲ್ಲಿ ಹೋದರೆ ಆಸ್ತಮಾ ಬರಬಹುದು. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮಾಸ್ಕ್ ಇಲ್ಲದೆ ಮನೆ ಗ್ಯಾರೇಜಿನಲ್ಲಿ ಅದನ್ನು ದಯವಿಟ್ಟು ಹೊಡೆಯಬೇಡಿ.

ಬಣ್ಣ ಗಟ್ಟಿಯಾದ ಮೇಲೆ ಫೆಂಡರ್ ಒಳಗೆ, ಬಾಗಿಲ ತಳಕ್ಕೆ ಮೇಣ ಸಿಂಪಡಿಸಿದೆ. ಕೆಸರು ತಡೆಯುವ ರಬ್ಬರ್ ಹೊಸದು ಹಾಕಿದೆ. ಬಾಗಿಲ ಕೆಳಗೆ ನೀರು ಇಳಿಯುವ ತೂತುಗಳಿವೆ, ಮೇಣ ಅವನ್ನು ಮುಚ್ಚಿಬಿಡುತ್ತದೆ. ಒಂದು ತಂತಿ ತೂರಿಸಿ ಬಿಡಿಸಿಕೊಳ್ಳಿ.