ವರ್ಣಭೇದ ಕಾಲದ ರೆಜಿಮೆಂಟಿನ ಚರಿತ್ರೆ ಹುಡುಕುವುದು ಹೇಗೆ?

ಮೊದಲ ಮಹಾಯುದ್ಧದ ‘ಹಾರ್ಲೆಮ್ ಹೆಲ್‌ಫೈಟರ್ಸ್’, ಅಂದರೆ ಅಮೆರಿಕದ ಕಪ್ಪುವರ್ಣೀಯ ಸಿಪಾಯಿಗಳ 369ನೇ ಪದಾತಿ ರೆಜಿಮೆಂಟ್, ಬಗ್ಗೆ ಓದಹೊರಟವರು ಸಾಮಾನ್ಯವಾಗಿ ಪದಕಗಳಿಂದಲೇ ಶುರು ಮಾಡುತ್ತಾರೆ. ಪದಕ ಆಮೇಲೆ ನೋಡೋಣ. ಮೊದಲು ಕಡತ ತೆರೆಯಿರಿ.

1. ಹಳೆಯ ಹೆಸರು ಹಿಡಿಯಿರಿ. 369ನೇ ಪದಾತಿ ರೆಜಿಮೆಂಟ್ ಎಂಬ ಹೆಸರು ಬಂದದ್ದು 1918ರ ಮಾರ್ಚ್‌ನಲ್ಲಿ. ಅದಕ್ಕೂ ಹಿಂದಿನ ದಾಖಲೆ ಬೇಕಿದ್ದರೆ, 1916ರಲ್ಲಿ ಕಟ್ಟಿದ ನ್ಯೂಯಾರ್ಕ್ ನ್ಯಾಷನಲ್ ಗಾರ್ಡ್‌ನ 15ನೇ ರೆಜಿಮೆಂಟ್ ಎಂದೇ ಹುಡುಕಬೇಕು. ಸಿಪಾಯಿಗಳು ಕಪ್ಪುವರ್ಣೀಯರು, ಅಧಿಕಾರಿಗಳಲ್ಲಿ ಬಹುತೇಕರು ಬಿಳಿಯರು, ಕರ್ನಲ್ ವಿಲಿಯಂ ಹೇವರ್ಡ್ ಸಹಿತ.

2. ಯಾರ ಕೈಕೆಳಗೆ ಕಾದಾಡಿದರು ನೋಡಿ. ಇಡೀ ಹುಡುಕಾಟದ ಕೀಲಿ ಇದು. ಫ್ರಾನ್ಸ್‌ಗೆ ಹೋದ ಹೊಸತರಲ್ಲಿ ಇವರಿಗೆ ಸಿಕ್ಕಿದ್ದು ಸೇಂಟ್ ನಜೇರ್ ಬಂದರಿನಲ್ಲಿ ಕೂಲಿ ಕೆಲಸ. ಆಮೇಲೆ ಅಮೆರಿಕದ ಸೇನೆ ಇವರನ್ನು ತನ್ನ ಡಿವಿಷನ್ನುಗಳ ಜೊತೆ ಇಟ್ಟುಕೊಳ್ಳದೆ ಫ್ರೆಂಚರಿಗೆ ಒಪ್ಪಿಸಿತು. ಮೈಮೇಲೆ ಅಮೆರಿಕದ ಸಮವಸ್ತ್ರ, ತಲೆಗೆ ಫ್ರೆಂಚ್ ಏಡ್ರಿಯನ್ ಶಿರಸ್ತ್ರಾಣ, ಕೈಗೆ ಲೆಬೆಲ್ ಬಂದೂಕು! ಹಾಗಾಗಿ ವಾಷಿಂಗ್ಟನ್ನಿನ ಕಡತ ಮಾತ್ರ ಸಾಲದು; ಫ್ರೆಂಚ್ 16 ಮತ್ತು 161ನೇ ಡಿವಿಷನ್ನುಗಳ ಯುದ್ಧ ದಿನಚರಿಯನ್ನೂ ನೋಡಬೇಕು.

ಜೊತೆಗೆ 1918ರ ಆಗಸ್ಟ್‌ನಲ್ಲಿ ಅಮೆರಿಕನ್ ಸೇನಾ ಕೇಂದ್ರದಲ್ಲಿದ್ದ ಫ್ರೆಂಚ್ ಅಧಿಕಾರಿ ಲಿನಾರ್ ಹೊರಡಿಸಿದ ಗುಪ್ತ ಸುತ್ತೋಲೆಯನ್ನು ತಪ್ಪದೆ ಓದಿ. ಕಪ್ಪು ಅಧಿಕಾರಿಗಳ ಜೊತೆ ಸಲಿಗೆ ಬೇಡ, ಅವರನ್ನು ಅತಿಯಾಗಿ ಹೊಗಳಬೇಡಿ ಎಂದು ಅದು ಫ್ರೆಂಚರಿಗೇ ಪಾಠ ಹೇಳುತ್ತದೆ. ಕಪ್ಪುವರ್ಣೀಯ ಚಿಂತಕ ಡುಬೋಯ್ಸ್ ಇದನ್ನು 1919ರ ಮೇ ತಿಂಗಳ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ ಅಚ್ಚು ಹಾಕಿದರು.

3. ಒಬ್ಬ ಸಿಪಾಯಿಯನ್ನು ಹುಡುಕುವುದಾದರೆ. ಸೇಂಟ್ ಲೂಯಿಸ್ ದಾಖಲೆ ಕೇಂದ್ರದಲ್ಲಿ 1973ರಲ್ಲಿ ಬೆಂಕಿ ಬಿದ್ದು ಆ ಕಾಲದ ಸೇನಾ ಕಡತಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ನ್ಯೂಯಾರ್ಕ್ ರಾಜ್ಯ ಪತ್ರಾಗಾರದಲ್ಲಿ ಸೇವಾ ಸಾರಾಂಶದ ಕಾರ್ಡುಗಳಿವೆ, ಅಲ್ಲಿ ನೋಡಿ. ಆಮೇಲೆ ಕಡ್ಡಾಯ ಸೇವೆಯ ಮೇಲೆ ಸೇರಿದವರಾದರೆ 1917ರ ನೋಂದಣಿ ಚೀಟಿ ಸಿಗಬಹುದು. ಆಫ್ರಿಕನ್ ಮೂಲದವನಾದರೆ ಈ ಮೂಲೆ ಹರಿಯಿರಿ ಎಂದು ಅದರಲ್ಲೇ ಅಚ್ಚಾಗಿದೆ! ಮೂಲೆ ಇಲ್ಲದ ಚೀಟಿಯನ್ನು ಹಾಳಾದದ್ದೆಂದು ಬದಿಗಿಡಬೇಡಿ.

4. ಈಗ ಪದಕ. 1918ರ ಮೇ ತಿಂಗಳ ಒಂದು ರಾತ್ರಿ ಆರ್ಗಾನ್ ಕಾಡಿನಂಚಿನಲ್ಲಿ ಬಂದೂಕು ಕೈಕೊಟ್ಟಾಗ ಇದೇ ರೆಜಿಮೆಂಟಿನ ಸಿಪಾಯಿ ಹೆನ್ರಿ ಜಾನ್ಸನ್ ಬೋಲೋ ಕತ್ತಿಯಿಂದಲೇ ಜರ್ಮನ್ ತಂಡವನ್ನು ಎದುರಿಸಿದ. ಫ್ರೆಂಚರು ಆಗಲೇ ತಮ್ಮ ಶೌರ್ಯ ಪದಕ ‘ಕ್ರ್ವಾ ದ ಗೆರ್’ ಕೊಟ್ಟರು. ಆತ ತೀರಿಕೊಂಡದ್ದು 1929ರಲ್ಲಿ. ಅಮೆರಿಕದ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಬಂದದ್ದು 2015ರಲ್ಲಿ, ಅದೂ ಫ್ರಾನ್ಸ್‌ನಲ್ಲಿದ್ದ ಅಮೆರಿಕನ್ ಸೇನೆಯ ಮುಖ್ಯಸ್ಥ ಜನರಲ್ ಪರ್ಷಿಂಗ್ ಅವರ 1918ರ ಸಂದೇಶವೊಂದು ಹುಡುಕಾಟದಲ್ಲಿ ಕೈಗೆ ಸಿಕ್ಕ ಮೇಲೆ. ಟಿಪ್ಪಣಿ ಮಾಡುವಾಗ ಕೊಟ್ಟ ದೇಶ, ಕಾಳಗದ ದಿನ, ಪದಕ ಕೊಟ್ಟ ವರ್ಷ ಮೂರನ್ನೂ ಬರೆದಿಟ್ಟುಕೊಳ್ಳಿ.